ಸ್ನಾನಭೋಗದಲ್ಲಿ ಗುಲಾಬಿಯುಂಟೆ?

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸವು ರಾಜನ ಬಾಳನ್ನು ನೂರು ಅಧ್ಯಾಯಗಳಾಗಿ ವಿಂಗಡಿಸಿ ಹೇಳುವ ಗ್ರಂಥ. ಅದರ ಐದು ವಿಂಶತಿಗಳಲ್ಲಿ ಮೂರನೆಯದು ಉಪಭೋಗಗಳಿಗೆ ಮೀಸಲಾಗಿದೆ. ಅಲ್ಲಿ ಗೃಹಭೋಗವು ಮುಗಿದೊಡನೆ ಬರುವುದು ಸ್ನಾನಭೋಗ. ಗ್ರಂಥದೊಳಗಣ ಗಣಿತದಿಂದ ಶಕ 1051, ಎಂದರೆ ಕ್ರಿ. ಶ. 1129, ಅದರ ಕಾಲವೆಂದು ತಿಳಿಯಬರುತ್ತದೆ. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರ ಸಂಪಾದನೆಯಿಂದ 1925ರಲ್ಲಿ ಮೊದಲನೆಯ ಸಂಪುಟವೂ 1939ರಲ್ಲಿ ಎರಡನೆಯ ಸಂಪುಟವೂ ಹೊರಬಂದ ಮೇಲೆ ಈ ಅಧ್ಯಾಯವು ವಿದ್ವಾಂಸರಿಗೆ ಸುಲಭವಾಗಿ ದೊರಕುವಂತಾಯಿತು. ಆದರೆ ದೊರಕಿದ ಗ್ರಂಥವನ್ನು ಓದುವವರಿಗಿಂತ ಅದರ ವಿಷಯವನ್ನು ಕೇಳಿ ಬರೆಯುವವರ ಸಂಖ್ಯೆ ಎಂದಿಗೂ ಹೆಚ್ಚು. ಹೀಗಾಗಿ ಚಾಲುಕ್ಯ ಚಕ್ರವರ್ತಿಯ ಮಜ್ಜನವನ್ನು ಬಣ್ಣಿಸುವಾಗ ಗುಲಾಬಿಯ ಎಸಳುಗಳನ್ನು ತೇಲಿಸುವುದೂ ಗುಲಾಬಿಯ ನೀರನ್ನು ಎರೆಯುವುದೂ ವಾಡಿಕೆಯಾಗಿಬಿಟ್ಟಿದೆ. ಮೂಲದಲ್ಲಿ ಇಲ್ಲದ ಹೂವು ವ್ಯಾಖ್ಯಾನದಲ್ಲಿ ಅರಳಿದೆ. ಇದು ಸಣ್ಣ ಮಾತೆಂದು ಬಿಡುವಂತಿಲ್ಲ. ಆ ಹೂವನ್ನು ಒಳಗೆ ಬಿಟ್ಟುಕೊಂಡರೆ ಅಧ್ಯಾಯದ ಬಂಧವೇ ಸಡಿಲವಾಗುತ್ತದೆ.

ಸ್ನಾನಭೋಗದ ಕ್ರಮವನ್ನು ನೋಡಬೇಕು. ಮೊದಲು ಅಭ್ಯಂಗಕ್ಕೆ ಬೇಕಾದ ತೈಲ. ಎಣ್ಣೆಯನ್ನು ತೆಗೆದ ಮೇಲೆ ಪರಿಮಳವನ್ನು ಬೆರಸುವುದಲ್ಲ; ಎಳ್ಳಿಗೇ ಪುನ್ನಾಗ ಚಂಪಕಾದಿ ಹೂಗಳ ವಾಸನೆಯನ್ನು ಹಿಡಿಸಿ, ಆ ಬಳಿಕ ಯಂತ್ರದಲ್ಲಿ ಹಿಂಡಿಸಿ ತೆಗೆಯುವುದು. ಬಳಿಕ ಎಣ್ಣೆಯನ್ನು ಒತ್ತುವುದು, ಆಮೇಲೆ ಸುಗಂಧ ದ್ರವ್ಯಗಳ ಕಲ್ಕದಿಂದ ಉದ್ವರ್ತನ, ಜಿಡ್ಡನ್ನು ಕಳೆಯುವುದಕ್ಕೆ ನೆಲ್ಲಿ ಮೊದಲಾದವು, ಕೊನೆಗೆ ಬಿಸಿನೀರು. ಶ್ರೀಗಂಧ ಕಸ್ತೂರಿಗಳ ಲೇಪವು ಇಲ್ಲಿ ಬಾರದು. ಅದಕ್ಕೆ ವಿಲೇಪನಭೋಗವೆಂಬ ಬೇರೆ ಅಧ್ಯಾಯವುಂಟು. ಧೂಪಕ್ಕೆ ಇನ್ನೂ ದೂರದಲ್ಲಿ, ಶಯ್ಯಾಭೋಗವಾದ ಮೇಲೆ, ಸ್ಥಾನ. ಹೀಗೆ ಪರಿಮಳವು ನೀರಿಗಿಂತ ಮುಂಚೆ ಎಣ್ಣೆಯಲ್ಲಿಯೂ ಹಿಟ್ಟಿನಲ್ಲಿಯೂ ಇದೆ, ನೀರಾದ ಮೇಲೆ ಲೇಪದಲ್ಲಿಯೂ ಹೊಗೆಯಲ್ಲಿಯೂ ಇದೆ. ನಡುವಣ ನೀರು ತೊಳೆಯುವ ಕೆಲಸಕ್ಕೆ ನಿಂತ ನೀರು. ಪರಿಮಳವೆಲ್ಲವೂ ನೀರಿನಲ್ಲಿಯೇ ಇರಬೇಕೆಂಬ ಇಂದಿನ ಭಾವನೆಯನ್ನು ಹೊತ್ತುಕೊಂಡು ಓದಿದವನಿಗೆ ಈ ಅಧ್ಯಾಯವು ಬಡವಾಗಿ ಕಾಣುತ್ತದೆ; ಆ ಬಡತನವನ್ನು ತುಂಬುವುದಕ್ಕಾಗಿಯೇ ಅವನು ಗುಲಾಬಿಯನ್ನು ತರುತ್ತಾನೆ. ಮಾಲ್ಯಭೋಗದಲ್ಲಿ ಬರುವ ಹೂಗಳ ವಿಚಾರ ಬೇರೆ. ಮಾಲೆಗೆ ಒದಗಿದ ಹೂವೆಲ್ಲವೂ ಮಜ್ಜನದ ಮನೆಗೆ ಬರಬೇಕೆಂಬ ನಿಯಮವಿಲ್ಲ.

ಎಣ್ಣೆಗೆ ಸಂಸ್ಕೃತದಲ್ಲಿ ಸ್ನೇಹವೆಂದು ಹೆಸರು. ತನ್ನ ಬಳಿಗೆ ಬಂದುದರ ಗುಣವನ್ನು ಹಿಡಿದಿಟ್ಟುಕೊಳ್ಳುವುದು ಅದರ ಸ್ವಭಾವ. ಹೂವಿನ ಗಂಧವು ಕೊಬ್ಬಿನಲ್ಲಿ ಕರಗುತ್ತದೆಂಬುದನ್ನು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಯೂರೋಪಿನ ಸುಗಂಧಕಾರರು ಮಲ್ಲಿಗೆಯ ಗಂಧವನ್ನು ಕೊಬ್ಬಿನ ಹಲಗೆಗಳ ಮೇಲೆ ಸೆರೆಹಿಡಿಯುತ್ತಿದ್ದುದು ಇದೇ ನ್ಯಾಯದಿಂದ. ಕನ್ನಡನಾಡಿನ ಮನೆಗಳಲ್ಲಿ ನರಕಚತುರ್ದಶಿಯ ಮುಂಜಾನೆ ಎಣ್ಣೆ, ಸೀಗೆ, ಬಿಸಿನೀರು ಎಂಬ ಅನುಕ್ರಮವೂ, ಬಾಣಂತಿಗೆ ಎರೆದ ಮೇಲೆ ತಲೆಗೂದಲಿಗೆ ಸಾಂಬ್ರಾಣಿಯ ಹೊಗೆಯನ್ನು ಹಿಡಿಯುವ ಪದ್ಧತಿಯೂ ಸೋಮೇಶ್ವರನ ಅಧ್ಯಾಯಕ್ಕೆ ಬರೆಯದೆ ಉಳಿದ ವ್ಯಾಖ್ಯಾನಗಳು. ಮುದ್ರಿತ ವ್ಯಾಖ್ಯಾನಗಳಿಗಿಂತ ಇವು ಹೆಚ್ಚು ನಂಬತಕ್ಕವು.

ಸೋಮೇಶ್ವರನನ್ನು ಶುಷ್ಕನೆಂದು ಹೇಳುವವರಿದ್ದಾರೆ. ಅವನ ಶ್ಲೋಕಗಳಲ್ಲಿ ಉಪಮೆ ಉತ್ಪ್ರೇಕ್ಷೆಗಳು ವಿರಳವೆಂಬುದು ನಿಜ. ಭೋಗವನ್ನು ಆತನು ವಿಧ್ಯರ್ಥದ ಕ್ರಿಯಾಪದಗಳಲ್ಲಿ ಹೇಳುತ್ತಾನೆ. ಇದನ್ನು ಮಾಡತಕ್ಕದ್ದು, ಅದಾದ ಮೇಲೆ ಅದನ್ನು ಮಾಡತಕ್ಕದ್ದು ಎಂಬ ಧಾಟಿಯು ಯಜ್ಞದ ಪ್ರಯೋಗಗ್ರಂಥಗಳದು. ಆದರೆ ದೋಷವೆಂದು ತೋರುವ ಇದೇ ಅಧ್ಯಾಯದ ಗುಣ. ಎಣ್ಣೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ನೀರು, ನೀರಿನ ಮೇಲೆ ಲೇಪ ಎಂಬ ಆನುಪೂರ್ವಿಯಿಂದಲೇ ಇಲ್ಲಿ ಸುಖವು ಹುಟ್ಟುತ್ತದೆ. ವರ್ಣನೆಯಿಂದ ಅದನ್ನು ಅಲಂಕರಿಸಲು ಹೊರಟರೆ ಕ್ರಮವು ಮರೆಯಾಗುತ್ತಿತ್ತು. ಕವಿಯಾದವನು ಒಂದು ಹೂವಿನಲ್ಲಿ ನಿಂತುಬಿಡಬಹುದು. ರಾಜನಿಗೆ ಎರೆಯುವವನು ಹಾಗೆ ನಿಲ್ಲಲಾರ.

ಈ ಕ್ರಮವು ಒಬ್ಬ ಅರಸನ ರುಚಿಮಾತ್ರವಲ್ಲ. ಗಂಧಯುಕ್ತಿಯೆಂಬ ಶಾಸ್ತ್ರವೇ ಹಾಗಿದೆ. ಯುಕ್ತಿಯೆಂದರೆ ಕೂಡಿಸುವುದು. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ ಹದಿನಾರು ದ್ರವ್ಯಗಳನ್ನು ನಾಲ್ಕು ನಾಲ್ಕಾಗಿ ಆರಿಸಿದರೆ 1820 ಕೂಟಗಳಾಗುವುವೆಂದೂ, ಭಾಗಗಳ ಭೇದದಿಂದ ಅವನ್ನು 96ರಿಂದ ಗುಣಿಸಬೇಕೆಂದೂ ಲೆಕ್ಕ ಹಾಕುತ್ತಾನೆ. ಬರುವ ಮೊತ್ತ 1,74,720. ಜ್ಯೋತಿಷಿಯು ಸುಗಂಧವನ್ನು ಎಣಿಸುವ ಈ ಪ್ರಸಂಗವನ್ನು ಕಂಡು ಗಣಿತದ ಚರಿತ್ರಕಾರರು ಹರ್ಷಪಟ್ಟಿದ್ದಾರೆ. ಸಾಹಿತ್ಯದ ಓದುಗನು ಗಮನಿಸಬೇಕಾದುದು ಬೇರೆ: ಇಲ್ಲಿ ಒಂದೇ ದ್ರವ್ಯದ ಗಂಧಕ್ಕೆ ಪ್ರಾಧಾನ್ಯವಿಲ್ಲ. ಗಂಗಾಧರನ ಗಂಧಸಾರವೂ ಇದನ್ನೇ ದೃಢಪಡಿಸುತ್ತದೆ. ಪುಣೆಯ ಭಾಂಡಾರಕರ ಸಂಸ್ಥೆಯ ಪರಶುರಾಮ ಕೃಷ್ಣ ಗೋಡೆಯವರು ತಮ್ಮ ಲೇಖನಗಳಿಂದ ಬೆಳಕಿಗೆ ತಂದ ಈ ಗ್ರಂಥವು 1989ರಲ್ಲಿ ಬರೋಡೆಯಿಂದ ಅಚ್ಚಾಗಿದೆ. ಅದರಲ್ಲಿ ಹೇಳಿರುವ ಕರ್ಮಗಳು ಆರು: ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ. ಪುಡಿಗೆ ದ್ರವವನ್ನು ಊಡುವುದು, ಬೇಯಿಸುವುದು, ಎಚ್ಚರಿಸುವುದು, ಚುಚ್ಚುವುದು, ಹೊಗೆ ಹಿಡಿಯುವುದು, ಹೂವಿನ ಸಂಗದಲ್ಲಿರಿಸುವುದು ಎಂದು ಶಬ್ದಾರ್ಥ. ಹೂವನ್ನು ಕುದಿಸಿ ಆವಿಯನ್ನು ತಣಿಸಿ ಹನಿಯಾಗಿ ಇಳಿಸುವ ಕರ್ಮಕ್ಕೆ ಈ ಆರರಲ್ಲಿ ಹೆಸರಿಲ್ಲ. ಪಾತನಯಂತ್ರಗಳನ್ನು ರಸಶಾಸ್ತ್ರಜ್ಞರು ಬಲ್ಲವರಾಗಿದ್ದರು. ಅವರು ಇಳಿಸುತ್ತಿದ್ದುದು ಪಾದರಸವನ್ನು. ಕನ್ನಡದಲ್ಲಿ ಕ್ರಿ. ಶ. 1025ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ಲೋಕೋಪಕಾರವೂ ಗಂಧಯುಕ್ತಿಗೆ ಒಂದು ಪ್ರಕರಣವನ್ನು ಕೊಟ್ಟಿದೆಯಾಗಿ, ಸೋಮೇಶ್ವರನಿಗೆ ನೂರು ವರ್ಷಗಳ ಮುಂಚೆಯೇ ಈ ವಿದ್ಯೆಯು ದೇಶಭಾಷೆಗೆ ಇಳಿದಿತ್ತೆಂಬುದನ್ನು ಅಧ್ಯಾಪಕರು ಮರೆಯಬಾರದು.

ಹಾಗಾದರೆ ಗುಲಾಬಿಯು ವ್ಯಾಖ್ಯಾನಗಳಿಗೆ ಬಂದ ದಾರಿ ಯಾವುದು? ಅದು ಬಂದುದು ನಿಘಂಟುಗಳ ಹಿತ್ತಲ ಬಾಗಿಲಿನಿಂದ. ಶತಪತ್ರವೆಂಬ ಶಬ್ದವು ಅಮರಕೋಶದಲ್ಲಿ ಕಮಲದ ಪರ್ಯಾಯನಾಮ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಶತಪತ್ರೀ ಎಂಬ ಸ್ತ್ರೀಲಿಂಗರೂಪವೂ ತರುಣೀ ಮೊದಲಾದ ಹೆಸರುಗಳೂ ಒಂದು ಹೂವಿಗೆ ಬಂದಿವೆ. ಅದನ್ನು ಗುಲಾಬಿಯೆಂದು ಗ್ರಹಿಸುವುದರಲ್ಲಿ ವೈದ್ಯರಿಗೆ ಒಮ್ಮತವಿದೆ. ಈ ಹೊಸ ಅರ್ಥವನ್ನು ಹಿಂದಕ್ಕೆ ಕೊಂಡೊಯ್ದು ಹಳೆಯ ಶತಪತ್ರಕ್ಕೆ ಅಂಟಿಸಿದರೆ ಕೊಳದ ತಾವರೆಯು ಬೇಲಿಯ ಮುಳ್ಳುಗಿಡವಾಗುತ್ತದೆ. ತರುಣೀ ಶಬ್ದದ ಗತಿ ಇನ್ನೂ ವಿನೋದವಾದುದು. ಸ್ನಾನಭೋಗದಲ್ಲಿ ಅರಸನಿಗೆ ಪರಿಚರ್ಯೆ ಮಾಡುವವರು ತರುಣಿಯರು. ವೈದ್ಯನಿಘಂಟನ್ನು ಕೈಯಲ್ಲಿ ಹಿಡಿದು ಹೊರಟವನಿಗೆ ಅವರೂ ಹೂಗಳಾಗಿ ಕಂಡಾರು!

ಎಲ್ಲಕ್ಕಿಂತ ಹೆಚ್ಚಿನ ಅನರ್ಥವನ್ನು ಮಾಡಿರುವುದು ಪಾಟಲಶಬ್ದ. ಈಚಿನ ಸಂಸ್ಕೃತದಲ್ಲಿಯೂ ಹಿಂದಿಯಲ್ಲಿಯೂ ಪಾಟಲವೆಂದರೆ ಗುಲಾಬಿಯೆಂದೇ ರೂಢಿಯಾಗಿದೆ. ಪ್ರಾಚೀನ ಕವಿಗಳ ಪಾಟಲಾ ಕನ್ನಡದ ಪಾದರಿ. ಕಹಳೆಯಾಕಾರದ ಕಂಪುಳ್ಳ ಹೂ ಬಿಡುವ ದೊಡ್ಡ ಮರ. ಅಭಿಜ್ಞಾನಶಾಕುಂತಲದ ಪ್ರಸ್ತಾವನೆಯಲ್ಲಿ ಗ್ರೀಷ್ಮದ ಕಾಡುಗಾಳಿಗೆ ಕಂಪನ್ನು ಕೊಡುವುದು ಈ ಮರವೇ ಹೊರತು ತೋಟದ ಗುಲಾಬಿಯಲ್ಲ. ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಬೇಸಗೆಗೆ ವಿಧಿಸುವ ಪಾನೀಯವು ಪಾದರಿಯ ಹೂವಿನಿಂದ ವಾಸಿಸಿ ಪಚ್ಚಕರ್ಪೂರವನ್ನು ಬೆರಸಿದ ತಣ್ಣೀರು. ಇದನ್ನು ಗುಲಾಬಿನೀರೆಂದು ಪಾಠ ಹೇಳಿದರೆ ವಿದ್ಯಾರ್ಥಿಯು ಒಂದು ಹೂವಿನ ಹೆಸರನ್ನು ಮಾತ್ರ ತಪ್ಪಾಗಿ ಕಲಿಯುವುದಿಲ್ಲ. ಹೂವನ್ನು ನೀರಿನಲ್ಲಿರಿಸಿ ವಾಸನೆ ಹಿಡಿಸುವ ಒಂದು ವಿದ್ಯೆಯನ್ನು ಅದಕ್ಕಿಂತ ಬಹಳ ಈಚಿನದಾದ ಇನ್ನೊಂದು ವಿದ್ಯೆಯೆಂದು ನಂಬುತ್ತಾನೆ. ಸೇವಂತಿಯ ವಿಷಯದಲ್ಲಿ ತಪ್ಪು ಎದುರು ದಿಕ್ಕಿನಿಂದ ಬರುತ್ತದೆ. ಹಿಂದಿಯ ಸೇವತಿ ಬಿಳಿಯ ಗುಲಾಬಿ, ಕನ್ನಡದ ಸೇವಂತಿಗೆ ಬೇರೆಯೇ ಹೂ. ಉತ್ತರದೇಶದ ಟೀಕೆಯನ್ನು ನೋಡಿ ಕನ್ನಡಿಸುವವರು ಎರಡನ್ನೂ ಅದಲುಬದಲು ಮಾಡುವುದುಂಟು.

ಗುಲಾಬಿಯ ಜಾತಿಯೇ ಈ ದೇಶಕ್ಕೆ ಅಪರಿಚಿತವಾಗಿತ್ತೆಂದು ಇದರಿಂದ ತಿಳಿಯಬಾರದು. ಹಿಮಾಲಯದ ತಪ್ಪಲಿನಲ್ಲಿ ಕಾಡುಗುಲಾಬಿಗಳು ಸ್ವಯಂಭುವಾಗಿ ಬೆಳೆಯುತ್ತವೆ. ನಿಘಂಟುಗಳ ಕುಬ್ಜಕವನ್ನು ಅವುಗಳಲ್ಲೊಂದೆಂದು ಹೇಳುತ್ತಾರೆ. ಗಿಡವಿರುವುದು ಬೇರೆ, ಗಂಧಶಾಸ್ತ್ರದಲ್ಲಿ ಅದಕ್ಕೆ ಅಧಿಕಾರ ಸಿಕ್ಕುವುದು ಬೇರೆ.

ಈ ವಿಚಾರದಲ್ಲಿ ಗ್ರಂಥಗಳಿಗಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಭಾಷೆಯೇ ಇಟ್ಟುಕೊಂಡಿದೆ. ಪಾರಸಿಯಲ್ಲಿ ಗುಲ್ ಎಂದರೆ ಹೂ, ವಿಶೇಷವಾಗಿ ಗುಲಾಬಿ ಹೂ. ಆಬ್ ಎಂದರೆ ನೀರು. ಗುಲಾಬ್ ಎಂಬುದು ಆ ಭಾಷೆಯಲ್ಲಿ ನೀರಿನ ಹೆಸರು. ಕನ್ನಡಿಗನು ಗುಲಾಬಿಯೆಂದಾಗ ಹೂವನ್ನು ಅದರ ನೀರಿನ ಹೆಸರಿನಿಂದ ಕರೆಯುತ್ತಾನೆ. ಇದು ಪಾರಸಿಯನ್ನು ಸರಿಯಾಗಿ ತಿಳಿಯದವರ ಪ್ರಮಾದವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಮಲೆಯಾಳದಲ್ಲಿ, ಒಂದು ಪಾರಸಿ ಅಕ್ಷರವೂ ಇಲ್ಲದ ಹೆಸರಿನಲ್ಲಿ, ಇದೇ ನಡೆದಿದೆ. ಅಲ್ಲಿ ಹೂವಿಗೆ ಪನಿನೀರ್ಪೂವು ಎಂದು ಹೆಸರು. ಎಂದರೆ ಪನ್ನೀರಿನ ಹೂ. ಹೂವಿಗೆ ಮುಂಚೆ ನೀರು ಪರಿಚಿತವಾಗಿದ್ದ ನಾಡಿನಲ್ಲಿ ಮಾತ್ರ ಇಂಥ ನಾಮಕರಣವು ಸಾಧ್ಯ. ಮಲ್ಲಿಗೆಯನ್ನು ಮಲ್ಲಿಗೆಯ ಎಣ್ಣೆಯ ಹೂವೆಂದು ಕರೆದವರಿಲ್ಲ. ಕುಪ್ಪಿಯೊಳಗೆ ಮುಚ್ಚಿಕೊಂಡು ವ್ಯಾಪಾರದ ಸರಕಾಗಿ ಬಂದುದರ ಹೆಸರನ್ನೇ, ಕಾಲಾಂತರದಲ್ಲಿ ಹಿತ್ತಲಲ್ಲಿ ಅರಳಿದ ಗಿಡಕ್ಕೂ ಇಟ್ಟರು.

ಕನ್ನಡದ ಪನ್ನೀರಿಗೂ ಇಲ್ಲಿ ನ್ಯಾಯ ಸಲ್ಲಬೇಕು. ತಮಿಳಿನ ಕೋಶಕಾರರು ಪನ್ನೀರನ್ನು ಪನಿನೀರ್ ಎಂದು ಬಿಡಿಸುತ್ತಾರೆ. ಪನಿಯೆಂದರೆ ಹಿಮ, ತಂಪು. ಈ ಪದದ ಘಟನೆಯಲ್ಲಿ ಗುಲಾಬಿಯ ಸುಳಿವೇ ಇಲ್ಲ. ಇಂದು ಪನ್ನೀರೆಂದರೆ ಗುಲಾಬಿನೀರೇ ಸರಿ. ಆದರೆ ಹಳಗನ್ನಡ ನಡುಗನ್ನಡ ಕಾವ್ಯಗಳಲ್ಲಿ ಪನ್ನೀರ್ ಎಂದು ಬಂದಲ್ಲೆಲ್ಲ ಹಾಗೆಂದೇ ಅರ್ಥ ಬರೆಯುವುದು ನಿರ್ವಿಚಾರವಾದ ಕಾರ್ಯ. ವಾಗ್ಭಟನ ಪಾದರಿಯ ನೀರಿನಂಥ ತಂಪಾದ ಕಮ್ಮನೆಯ ನೀರೆಂಬ ಅರ್ಥಕ್ಕೆ ಮೊದಲು ಎಡೆಗೊಟ್ಟು, ಕೃತಿಯ ಕಾಲದೇಶಗಳನ್ನು ನೋಡಿ, ಬಳಿಕ ಗುಲಾಬಿಯ ಮಾತೆತ್ತಬೇಕು. ಹಳೆಯ ಪದವು ಹೊಸ ಪದಾರ್ಥಕ್ಕೆ ಮನೆಯನ್ನು ಬಿಟ್ಟುಕೊಡುವುದು ಭಾಷೆಗಳಲ್ಲಿ ಅಪೂರ್ವವೇನೂ ಅಲ್ಲ.

ನೀರು ಬಂದುದು ಎಲ್ಲಿಂದ ಎಂಬುದರಲ್ಲಿ ಸಂಶಯವಿಲ್ಲ. ಪಾರಸದೇಶದ ಫಾರ್ಸ್ ಪ್ರಾಂತದ ಗುಲಾಬಿನೀರು ಬಾಗದಾದಿನ ಖಲೀಫರ ಕಾಲದಿಂದಲೂ ದೇಶಾಂತರಗಳಿಗೆ ಹೋಗುತ್ತಿತ್ತು. ಒಂಬತ್ತನೆಯ ಶತಮಾನದ ಅಲ್-ಕಿಂದಿಯು ಸುಗಂಧಗಳ ರಸಾಯನವನ್ನೂ ಬಟ್ಟಿಯಿಳಿಸುವಿಕೆಯನ್ನೂ ಕುರಿತೇ ಒಂದು ಗ್ರಂಥವನ್ನು ಬರೆದನು. ಆದಕಾರಣ ಈ ಕಲೆಯನ್ನು ಇಬ್ನ್ ಸೀನಾನು ಮೊದಲು ಕಂಡುಹಿಡಿದನೆಂಬ ಪ್ರಸಿದ್ಧಿಯು ನಿಲ್ಲಲಾರದು. ಆತನು ಹುಟ್ಟಿದ್ದು 980ರಲ್ಲಿ. ಅತ್ತರಿನ ಸಂಗತಿ ನೀರಿಗಿಂತ ಈಚಿನದು. ಒಂದು ಕಿಲೋಗ್ರಾಂ ಗುಲಾಬಿತೈಲಕ್ಕೆ ಮೂರು ನಾಲ್ಕು ಸಾವಿರ ಕಿಲೋಗ್ರಾಂ ಹೂ ಬೇಕಾಗುವುದರಿಂದ, ನೀರಿನ ಮೇಲೆ ತೇಲುವ ಆ ಅಲ್ಪಾಂಶವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಹೋದುದು ಸಹಜ. ಜಹಾಂಗೀರನು ತನ್ನ ದಿನಚರಿಯಲ್ಲಿ, 1614ರ ಸುಮಾರಿನ ವೃತ್ತಾಂತದಲ್ಲಿ, ಅದರ ಶೋಧವನ್ನು ನೂರ್ ಜಹಾನಳ ತಾಯಿಗೆ ಸಲ್ಲಿಸಿದ್ದಾನೆ. ಬಿಸಿಯಾದ ಗುಲಾಬಿನೀರನ್ನು ಬೋಗುಣಿಗಳಿಗೆ ಸುರಿದಾಗ ಮೇಲೆ ಕಟ್ಟಿದ ಕೆನೆಯಂಥ ಪದಾರ್ಥವನ್ನು ಆಕೆ ಸ್ವಲ್ಪಸ್ವಲ್ಪವಾಗಿ ಕೂಡಿಸಿದಳೆಂದೂ, ಅದಕ್ಕೆ ಸಲೀಮಾ ಸುಲ್ತಾನ್ ಬೇಗಮಳು ಜಹಾಂಗೀರಿ ಅತ್ತರೆಂದು ಹೆಸರಿಟ್ಟಳೆಂದೂ ಬರೆದಿದ್ದಾನೆ. ಗುಲಾಬಿತೈಲವು ತಂಪಿನಲ್ಲಿ ಹೆಪ್ಪುಗಟ್ಟುವ ಸ್ವಭಾವದ್ದಾದುದರಿಂದ ಈ ಕೆನೆಯ ಮಾತು ನಂಬತಕ್ಕದ್ದಾಗಿದೆ. ಆದರೆ ಜನರಲ್ಲಿ ಹಬ್ಬಿದ ಕಥೆ ಬೇರೆ. ಅದರಲ್ಲಿ ತಾಯಿಯು ಮರೆಯಾಗಿ ಮಗಳು ಬರುತ್ತಾಳೆ, ಬೋಗುಣಿಯು ಕೊಳವೋ ಕಾಲುವೆಯೋ ಆಗುತ್ತದೆ. ಅಡಿಗೆಯ ಮನೆಯ ತಾಳ್ಮೆಯಿಂದ ಆದ ಶೋಧವು ಜಲಕ್ರೀಡೆಯಾಗಿ ಮಾರ್ಪಟ್ಟುದು ಕಥೆಗಾರರ ರುಚಿ. ಚಾಲುಕ್ಯರ ಮಜ್ಜನದಲ್ಲಿ ಗುಲಾಬಿಯನ್ನು ತೇಲಿಸಿದ್ದೂ ಇದೇ ರುಚಿಯೇ.

ಇನ್ನು ಕನ್ನಡನಾಡಿನ ಪ್ರಮಾಣಗಳು. ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಅಲ್ಲಿಯ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯವೆಂಬ ಅಭಿಪ್ರಾಯದ ಮಾತನ್ನು ಹೇಳಿದ್ದಾನೆಂದು ಆಂಗ್ಲಾನುವಾದಗಳಿಂದ ಎತ್ತಿಕೊಂಡು ಎಲ್ಲರೂ ಬರೆಯುತ್ತಾರೆ. ಪಾರಸಿಯ ಗುಲ್ ಶಬ್ದವು ಗುಲಾಬಿಗೂ ಹೂವಿಗೂ ಸಮಾನವೆಂಬುದನ್ನು ನೆನೆದರೆ ಈ ಪ್ರಮಾಣದ ಬಲವು ಅರ್ಧ ಕುಗ್ಗುತ್ತದೆ. ಮಲ್ಲಿಗೆ ಸಂಪಗೆಗಳಿಲ್ಲದೆ ದಿನ ಕಳೆಯದ ಊರನ್ನು ಕಂಡವನು ಹೂವೆಂಬ ಅರ್ಥದಲ್ಲಿಯೇ ಆ ಮಾತನ್ನು ಆಡಿರಬಹುದು. ಡೊಮಿಂಗೊ ಪಾಯಸನು ಅರಮನೆಯ ದಂತದ ಕೋಣೆಯಲ್ಲಿ ಕಂಡೆನೆನ್ನುವ ಕೆತ್ತನೆಯ ಗುಲಾಬಿ ತಾವರೆಗಳೂ ಇಲ್ಲಿ ನೆರವಾಗಲಾರವು. ಬಡಗಿಯ ಸುತ್ತೆಸಳಿನ ಹೂವಿಗೆ ಜಾತಿನಿರ್ಣಯ ಮಾಡುವುದು ಸಾಹಸ.

ದುವಾರ್ತೆ ಬಾರ್ಬೊಸನ ಸಾಕ್ಷ್ಯವು ಹಾಗಲ್ಲ. ಸುಮಾರು 1516ರ ಈ ಪೋರ್ಚುಗೀಸನು ವಿಜಯನಗರಕ್ಕೆ ಬರುವ ಸರಕುಗಳಲ್ಲಿ ಗುಲಾಬಿನೀರನ್ನು ಎಣಿಸುತ್ತಾನೆ. ಅಷ್ಟೇ ಅಲ್ಲ, ಅಲ್ಲಿಯ ಜನರು ಸ್ನಾನವಾದ ಮೇಲೆ ಬಿಳಿಯ ಶ್ರೀಗಂಧ, ಅಗರು, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳನ್ನು ನುಣ್ಣಗೆ ಅರೆದು ಗುಲಾಬಿನೀರಿನಲ್ಲಿ ಕಲಸಿ ಮೈಗೆ ಹಚ್ಚಿಕೊಳ್ಳುವರೆಂದೂ ಹೇಳುತ್ತಾನೆ. ಈ ವಾಕ್ಯವನ್ನು ಸಂಸ್ಕೃತವನ್ನು ಬಲ್ಲವನು ಓದಿದರೆ ಬೆರಗಾಗಬೇಕು. ಯಕ್ಷಕರ್ದಮವೆಂಬ ಪ್ರಾಚೀನ ಲೇಪಕ್ಕೆ ಅಮರಸಿಂಹನು ಕರ್ಪೂರ, ಅಗರು, ಕಸ್ತೂರಿ, ಕಕ್ಕೋಲಗಳನ್ನು ಹೇಳಿದ್ದಾನೆ. ವೈದ್ಯರ ಇನ್ನೊಂದು ಸಂಪ್ರದಾಯವು ಕುಂಕುಮ, ಅಗರು, ಕಸ್ತೂರಿ, ಕರ್ಪೂರ, ಚಂದನ ಎಂದು ಐದನ್ನು ಎಣಿಸುತ್ತದೆ. ಬಾರ್ಬೊಸನ ಐದು ದ್ರವ್ಯಗಳು ಇವೇ. ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಶಾಸ್ತ್ರವನ್ನು ಓದದ ವಿದೇಶೀಯನು ಬೀದಿಯಲ್ಲಿ ಕಂಡು ಬರೆದ ಪಟ್ಟಿಯು ಪಂಡಿತರ ಪಟ್ಟಿಯೊಂದಿಗೆ ಹೀಗೆ ಕೂಡಿಬರುವುದು ಅಪರೂಪ. ಹೊಸದಾಗಿರುವುದು ಕಲಸುವ ನೀರೊಂದೇ. ಮತ್ತು ಆ ನೀರು ಬಳಕೆಯಾಗುತ್ತಿರುವುದು ಎಲ್ಲಿ? ಮಜ್ಜನದಲ್ಲಲ್ಲ, ಮಜ್ಜನವಾದ ಮೇಲಣ ವಿಲೇಪನದಲ್ಲಿ. ಸೋಮೇಶ್ವರನು ಎರಡು ಅಧ್ಯಾಯಗಳಾಗಿ ಬೇರ್ಪಡಿಸಿದ್ದನ್ನು ನಾಲ್ಕು ಶತಮಾನಗಳ ಮೇಲೆ ವಿಜಯನಗರದ ಜನರೂ ಬೇರ್ಪಡಿಸಿಯೇ ಇಟ್ಟಿದ್ದರು. ಗುಲಾಬಿಯು ಗಂಧಯುಕ್ತಿಯನ್ನು ಗೆದ್ದು ಸಿಂಹಾಸನವನ್ನೇರಲಿಲ್ಲ. ಆರು ಕರ್ಮಗಳಲ್ಲಿ ಮೊದಲನೆಯದಾದ ಭಾವನಕ್ಕೆ ದ್ರವವಾಗಿ ಒಳಗೆ ಬಂದಿತು.

ಉತ್ತರದಲ್ಲಿಯೂ ಹೀಗೆಯೇ ಆಯಿತೆಂಬುದಕ್ಕೆ ಐನ್-ಎ-ಅಕ್ಬರಿಯ ಸುಗಂಧಪ್ರಕರಣವನ್ನು ನೋಡಬಹುದು. ಅಲ್ಲಿ ಮೈಗೆ ಉಜ್ಜುವ ಒಂದು ದ್ರವ್ಯಕ್ಕಿರುವ ಓಪಟ್ನ ಎಂಬ ಹೆಸರು ಉದ್ವರ್ತನವೇ; ಹಿಂದಿಯ ಉಬಟನ್ ಎಂಬುದೂ ಅದೇ. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗಾಗಿ ರಚಿತವಾದ ಇತ್ರ್-ಎ-ನೌರಸ್ ಶಾಹಿ ಎಂಬ ಪಾರಸಿ ಗಂಧಗ್ರಂಥವನ್ನು ಕನ್ನಡ ವಿದ್ವಾಂಸರು ಇನ್ನೂ ಸರಿಯಾಗಿ ಉಪಯೋಗಿಸಿಕೊಂಡಿಲ್ಲ. ಗಂಧಸಾರವನ್ನೂ ಲೋಕೋಪಕಾರವನ್ನೂ ಅದರ ಪಕ್ಕದಲ್ಲಿಟ್ಟು ಓದಬಲ್ಲ ಸಂಸ್ಕೃತ ಪಾರಸಿ ಕನ್ನಡಗಳ ತ್ರಿಭಾಷಾವೇತ್ತನು ದೊರೆತರೆ, ಈ ನಾಡಿನ ಮಜ್ಜನದ ಚರಿತ್ರೆಯಲ್ಲಿ 1129ರಿಂದ 1600ರವರೆಗಣ ಕಂದಕವು ಬಹುಮಟ್ಟಿಗೆ ತುಂಬೀತು.

ಅತ್ತರನ್ನು ಇಳಿಸುವ ಕನೌಜಿನ ಪದ್ಧತಿಯಲ್ಲಿಯೂ ಹಳೆಯ ಶಾಸ್ತ್ರದ ಕೈವಾಡವು ಕಾಣುತ್ತದೆ. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವ್ವನ್ನು ನೀರಿನೊಂದಿಗೆ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯಿಂದ ಭಪ್ಕಾ ಎಂಬ ಇನ್ನೊಂದು ಪಾತ್ರೆಗೆ ಒಯ್ಯುತ್ತಾರೆ. ಆ ಪಾತ್ರೆಯು ಬರಿದಾಗಿರುವುದಿಲ್ಲ. ಅದರಲ್ಲಿ ಮೊದಲೇ ಚಂದನದ ಎಣ್ಣೆಯಿರುತ್ತದೆ. ಗುಲಾಬಿಯ ಆವಿಯು ಅದರೊಳಗೆ ಇಳಿದು ನೆಲೆಗೊಳ್ಳಬೇಕು. ಚಾಲುಕ್ಯರ ಗಾಣದಲ್ಲಿ ಎಳ್ಳು ಮಾಡಿದ ಕೆಲಸವನ್ನು ಇಲ್ಲಿ ಶ್ರೀಗಂಧವು ಮಾಡುತ್ತದೆ. 1916ರಲ್ಲಿ ಮೈಸೂರು ಸರ್ಕಾರವು ಶ್ರೀಗಂಧದ ಎಣ್ಣೆಯ ಕಾರ್ಖಾನೆಯನ್ನು ತೆರೆದ ಮೇಲೆ ಕನ್ನಡನಾಡಿನ ಮರದ ಸಾರಕ್ಕೆ ದೂರದೂರದ ಪೇಟೆಗಳಲ್ಲಿ ಹೆಸರಾಯಿತು. ಈಚೆಗೆ ಚಂದನತೈಲದ ಬೆಲೆಯು ಏರಿ, ಕನೌಜಿನ ಭಪ್ಕಾದಲ್ಲಿ ಹಲವೆಡೆ ಅದರ ಬದಲು ವಾಸನೆಯಿಲ್ಲದ ದ್ರವ ಪ್ಯಾರಫಿನ್ನನ್ನು ಇಡುತ್ತಿದ್ದಾರೆ.